ಮರಕ್ಕೂ ಚರ್ಮಕ್ಕೂ ಒಂದೇ ಹದ: ಗಡಿನಾಡಿನ ಮನೆಗಳಲ್ಲಿ ಹಳೆಯ ಸಾಮಾನುಗಳ ಆರೈಕೆ

ಜೂನ್ ತಿಂಗಳು ಕಾಲಿಟ್ಟು ಕೆಲವು ದಿನಗಳಾಗುವಷ್ಟರಲ್ಲಿ ಕಾಸರಗೋಡಿನ ಮನೆಗಳಲ್ಲಿ ಎರಡು ದೂರುಗಳು ಕೇಳಿಬರುತ್ತವೆ. ಅಡುಗೆಮನೆಯ ಮಣೆ, ಸಟ್ಟುಗಗಳ ಮೇಲೆ ಕಪ್ಪು ಚುಕ್ಕೆಗಳು ಮೂಡಿದವೆಂಬುದು ಒಂದು; ಕಪಾಟಿನಲ್ಲಿಟ್ಟಿದ್ದ ಚರ್ಮದ ಚೀಲಕ್ಕೆ, ಬೆಲ್ಟಿಗೆ, ಪಾದರಕ್ಷೆಗೆ ಬಿಳಿಯ ಬೂಸ್ಟು ಹಿಡಿಯಿತೆಂಬುದು ಮತ್ತೊಂದು. ಅತ್ತ ಸೋಲಾಪುರ, ಅಕ್ಕಲಕೋಟೆ, ಜತ್ ಕಡೆಯ ಕನ್ನಡ ಮನೆಗಳಲ್ಲಿ ದೂರಿನ ತಿಂಗಳೂ ಬೇರೆ, ಅದರ ಸ್ವರೂಪವೂ ಬೇರೆ. ಏಪ್ರಿಲ್ ಬಿಸಿಲಿನಲ್ಲಿ ಅಟ್ಟದಿಂದ ಇಳಿಸಿದ ಶಾವಿಗೆ ಮಣೆ ಉದ್ದಕ್ಕೂ ಸೀಳಿರುತ್ತದೆ. ಕಳೆದ ವರ್ಷ ಮೆತ್ತಗಿದ್ದ ಚರ್ಮದ ಚಪ್ಪಲಿ ಹಲಗೆಯಂತೆ ಬಿರುಸಾಗಿ, ಬಾಗಿದಲ್ಲೆಲ್ಲ ಬಿರುಕು ಬಿಟ್ಟಿರುತ್ತದೆ.

ಒಂದು ಕಡೆ ನೀರು ಹೆಚ್ಚಾಗಿ ಕೆಡುಕು. ಇನ್ನೊಂದು ಕಡೆ ನೀರು ಆರಿ ಕೆಡುಕು. ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಸಮಸ್ಯೆಗಳಂತೆ ಕಂಡರೂ ಮೂಲ ಒಂದೇ. ಮರವೂ ಚರ್ಮವೂ ಒಮ್ಮೆ ಜೀವವಿದ್ದ ವಸ್ತುಗಳು. ಜೀವ ಹೋದ ಮೇಲೂ ಅವು ಸುತ್ತಲಿನ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತ, ಮತ್ತೆ ಬಿಟ್ಟುಕೊಡುತ್ತ ಇರುತ್ತವೆ. ಈ ಕೊಳು-ಕೊಡೆಯನ್ನು ಪೂರ್ತಿಯಾಗಿ ನಿಲ್ಲಿಸಲು ಯಾರಿಂದಲೂ ಆಗದು. ಅದು ಒಮ್ಮೆಲೇ ಆಗದಂತೆ, ಅತಿಯಾಗದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ಆರೈಕೆಯೆಂದರೆ ಅಷ್ಟೇ.

ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದವೊಂದಿದೆ: ಹದ. ನೆಲಕ್ಕೆ ಹದವುಂಟು, ಹಿಟ್ಟಿಗೆ ಹದವುಂಟು, ಪಾಕಕ್ಕೆ ಹದವುಂಟು. ತೊಗಲನ್ನು ಚರ್ಮವಾಗಿಸುವ ಕೆಲಸಕ್ಕೂ ‘ಹದ ಮಾಡುವುದು’ ಎಂದೇ ಹೆಸರು. ನೀರು ಹೆಚ್ಚೂ ಆಗದ, ಕಡಿಮೆಯೂ ಆಗದ ಸ್ಥಿತಿಯದು. ಮನೆಯಲ್ಲಿರುವ ಮರದ ಪಾತ್ರೆಗಳನ್ನೂ ಚರ್ಮದ ಸಾಮಾನುಗಳನ್ನೂ ಈ ಹದದಲ್ಲಿ ಉಳಿಸಿಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮರ ಏಕೆ ಸೀಳುತ್ತದೆ?

ಮರದೊಳಗೆ ಉದ್ದುದ್ದನೆಯ ಎಳೆಗಳಿವೆ. ಹಸಿಮರ ಒಣಗುವಾಗ ಮೊದಲು ಎಳೆಗಳ ಟೊಳ್ಳಿನಲ್ಲಿರುವ ನೀರು ಹೊರಟುಹೋಗುತ್ತದೆ. ಆಗ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ನೀರಿನ ಪ್ರಮಾಣ ಒಣಮರದ ತೂಕದ ಶೇಕಡಾ 30ರ ಆಸುಪಾಸಿಗೆ ಇಳಿದ ಬಳಿಕ ಎಳೆಗಳ ಗೋಡೆಯಲ್ಲಿರುವ ನೀರು ಆರತೊಡಗುತ್ತದೆ. ಮರ ಕುಗ್ಗುವುದು ಆಗಲೇ. ಈ ಕುಗ್ಗುವಿಕೆ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿರುವುದಿಲ್ಲ. ಎಳೆಯ ಉದ್ದಕ್ಕೆ ಅದು ನಗಣ್ಯ. ಎಳೆಗೆ ಅಡ್ಡಲಾಗಿ ಹೆಚ್ಚು. ಅಡ್ಡದಲ್ಲಿಯೂ ವರ್ಷದ ಉಂಗುರಗಳ ಗುಂಟ ಆಗುವುದು ಉಂಗುರಗಳಿಗೆ ಅಡ್ಡಲಾಗಿ ಆಗುವುದಕ್ಕಿಂತ ಸುಮಾರು ಎರಡು ಪಟ್ಟು. ಮಣೆಯೊಂದು ದೋಣಿಯಂತೆ ಬಾಗುವುದಕ್ಕೆ, ಲಟ್ಟಣಿಗೆಯ ತುದಿಯಲ್ಲಿ ಬಿರುಕು ಕಾಣಿಸುವುದಕ್ಕೆ ಈ ಅಸಮತೆಯೇ ಕಾರಣ.

ಇದನ್ನು ಮಕ್ಕಳು ಮನೆಯಲ್ಲಿಯೇ ಅಳೆದು ನೋಡಬಹುದು. ಅಗಲವಾದ ಹಳೆಯ ಮಣೆಯೊಂದರ ಉದ್ದವನ್ನೂ ಅಗಲವನ್ನೂ ಏಪ್ರಿಲ್ ತಿಂಗಳಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಟ್ಟುಕೊಂಡು, ಆಗಸ್ಟ್ ತಿಂಗಳಲ್ಲಿ ಮತ್ತೊಮ್ಮೆ ಅಳೆಯಲಿ. ಉದ್ದ ಇದ್ದಂತೆಯೇ ಇರುತ್ತದೆ. ಅಗಲ ಒಂದೆರಡು ಮಿಲಿಮೀಟರಾದರೂ ಹೆಚ್ಚಿರುವ ಸಂಭವವುಂಟು. ವಿಜ್ಞಾನದ ತರಗತಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಬೇಕಿಲ್ಲ.

ಹೀಗೆ ಹಿಗ್ಗಿ ಕುಗ್ಗುವುದು ಮರದ ಸ್ವಭಾವ, ಅದರಿಂದ ಹಾನಿಯಿಲ್ಲ. ಹಾನಿಯಾಗುವುದು ಮೇಲ್ಮೈ ಬೇಗ ಒಣಗಿ, ಒಳಭಾಗ ಇನ್ನೂ ಹಸಿಯಾಗಿರುವಾಗ. ಹೊರಗಿನ ಪದರು ಕುಗ್ಗಲು ಹೊರಡುತ್ತದೆ, ಒಳಗಿನದು ಬಿಟ್ಟುಕೊಡುವುದಿಲ್ಲ. ನಡುವೆ ಮರ ಸೀಳುತ್ತದೆ. ತೊಳೆದ ಮಣೆಯನ್ನು ಸುಡುಬಿಸಿಲಿಗೆ ಒಡ್ಡಿದಾಗ, ಒಲೆಯ ಪಕ್ಕದಲ್ಲಿಟ್ಟಾಗ ಆಗುವುದು ಇದೇ.

ತೊಳೆಯುವುದು ಬೇಗ, ಒಣಗುವುದು ನಿಧಾನ

ಮರದ ಪಾತ್ರೆಯನ್ನು ತೊಳೆಯಬಾರದೆಂಬ ನಿಯಮವಿಲ್ಲ, ನೆನೆಸಬಾರದೆಂಬ ನಿಯಮವುಂಟು. ಎಂಜಲು ಪಾತ್ರೆಗಳೊಂದಿಗೆ ಸಟ್ಟುಗವನ್ನು ರಾತ್ರಿಯಿಡೀ ನೀರಿನಲ್ಲಿ ಬಿಡುವುದೇ ಅದರ ಆಯುಷ್ಯವನ್ನು ಎಲ್ಲಕ್ಕಿಂತ ಹೆಚ್ಚಾಗಿ ತಿನ್ನುವ ಅಭ್ಯಾಸ. ಬಳಸಿದ ಕೂಡಲೇ ಬಿಸಿನೀರು, ತುಸು ಸಾಬೂನು, ತೆಂಗಿನ ನಾರು ಇಷ್ಟರಿಂದ ಉಜ್ಜಿ ತೊಳೆದು ಬಟ್ಟೆಯಿಂದ ಒರೆಸಬೇಕು. ಮಣೆಯ ಎರಡೂ ಮುಖಗಳನ್ನು ಒದ್ದೆ ಮಾಡಿ ತೊಳೆಯುವುದು ಲೇಸು. ಒಂದೇ ಮುಖ ನೀರು ಕುಡಿದರೆ ಮಣೆ ಬಾಗುತ್ತದೆ. ಬಳಿಕ ಅದನ್ನು ಅಡ್ಡ ಮಲಗಿಸದೆ ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಎರಡು ಬದಿಗೂ ಗಾಳಿ ತಾಗಬೇಕು. ಒಣಗುವುದು ನೆರಳಿನಲ್ಲಿ.

ಕಡೆಗೋಲಿಗೆ ಬೇರೆ ಕ್ರಮ. ಅದರ ಕೆತ್ತನೆಯ ಸಂದುಗಳಲ್ಲಿ ಬೆಣ್ಣೆಯ ಜಿಡ್ಡು ಉಳಿದು ಹುಳಿ ವಾಸನೆ ಬರುತ್ತದೆ. ಕುದಿನೀರನ್ನು ಮೇಲಿನಿಂದ ಹೊಯ್ದು, ಗಟ್ಟಿ ಬ್ರಷ್ಷಿನಿಂದ ಸಂದುಗಳನ್ನು ಉಜ್ಜಿ, ತಲೆ ಕೆಳಗಾಗಿ ತೂಗುಹಾಕಿದರೆ ನೀರು ಇಳಿದುಹೋಗುತ್ತದೆ. ಬೆಳ್ಳುಳ್ಳಿ, ಮೀನಿನ ವಾಸನೆ ಹಿಡಿದ ಮಣೆಯ ಮೇಲೆ ಕಲ್ಲುಪ್ಪು ಚೆಲ್ಲಿ, ಕತ್ತರಿಸಿದ ನಿಂಬೆಹಣ್ಣಿನಿಂದ ಉಜ್ಜಿ ಐದು ನಿಮಿಷ ಬಿಟ್ಟು ತೊಳೆಯಬಹುದು.

ಹೆರೆಮಣೆಯಲ್ಲಿ ಕಬ್ಬಿಣದ ನಾಲಗೆ ಮರವನ್ನು ಸೇರುವಲ್ಲಿ ಕಪ್ಪು ಕಲೆ ಕಾಣಿಸುವುದುಂಟು. ಅದು ಕೊಳೆಯಲ್ಲ. ಹಲವು ಮರಗಳಲ್ಲಿ ಒಗರು ದ್ರವ್ಯವಾದ ಟ್ಯಾನಿನ್ ಇದೆ. ನೀರಿನ ಸಮ್ಮುಖದಲ್ಲಿ ಕಬ್ಬಿಣವೂ ಟ್ಯಾನಿನ್ನೂ ಕೂಡಿದರೆ ಕಡುಕಪ್ಪು ಬಣ್ಣ ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಬರೆಯುವ ಮಸಿ ಮಾಡಿಕೊಳ್ಳುತ್ತಿದ್ದುದು ಇದೇ ಗುಣವನ್ನು ನಂಬಿ. ನಿಂಬೆರಸದಿಂದ ಕಲೆ ತಿಳಿಯಾಗುತ್ತದೆ. ನಾಲಗೆಯನ್ನು ಒಣಗಿಸಿಟ್ಟರೆ ಮತ್ತೆ ಮೂಡುವುದು ತಪ್ಪುತ್ತದೆ.

ಕರಾವಳಿಯ ಹಳೆಯ ಮನೆಗಳಲ್ಲಿ ಒಂದೇ ಮರದ ತುಂಡನ್ನು ಕೊರೆದು ಮಾಡಿದ ಉಪ್ಪಿನ ಮರಿಗೆ ಇನ್ನೂ ಉಳಿದಿದ್ದರೆ, ಅದರ ಒಳಗೆ ಎಣ್ಣೆ ಹಚ್ಚುವುದು ಬೇಡ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಮರವನ್ನು ಕೊಳೆಯದಂತೆ ಕಾಯುತ್ತದೆ. ಆ ಪಾತ್ರೆಗೆ ಮರವನ್ನು ಆರಿಸಿದ ಹಿರಿಯರ ಲೆಕ್ಕ ಸರಿಯಾಗಿಯೇ ಇತ್ತು. ಅದನ್ನು ನೆಲಕ್ಕೆ ತಾಗಿಸದೆ ಎರಡು ಪಟ್ಟಿಗಳ ಮೇಲೆ ಇರಿಸಿ ಅಡಿಗೆ ಗಾಳಿಯಾಡಲು ಬಿಟ್ಟರೆ ಸಾಕು.

ಯಾವ ಎಣ್ಣೆ, ಯಾವುದು ಬೇಡ?

ಎಣ್ಣೆ ಮರವನ್ನು ಗಟ್ಟಿಗೊಳಿಸುವುದಿಲ್ಲ. ನೀರು ಒಳಹೋಗುವ, ಹೊರಬರುವ ವೇಗವನ್ನು ತಗ್ಗಿಸುತ್ತದೆ. ಎಣ್ಣೆ ಬೇಕೇ ಎಂದು ತಿಳಿಯಲು ಒಣಗಿದ ಮಣೆಯ ಮೇಲೆ ಒಂದು ಹನಿ ನೀರು ಬಿಡಿರಿ. ಹನಿ ಮುತ್ತಿನಂತೆ ನಿಂತರೆ ಬೇಡ. ಹರಡಿ ಇಂಗಿದರೆ ಬೇಕು.

ಕೊಬ್ಬರಿ ಎಣ್ಣೆ ಮರದ ಮೇಲೆ ಒಣಗುವುದಿಲ್ಲವಾದರೂ ಬೇಗ ಕೆಡುವುದೂ ಇಲ್ಲ. ಆದಕಾರಣ ತೆಳುವಾಗಿ ಹಚ್ಚಲು ಅಡ್ಡಿಯಿಲ್ಲ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆಗಳು ಗಾಳಿ ತಾಗಿ ಕೆಲವೇ ವಾರಗಳಲ್ಲಿ ಅಂಟಾಗಿ ಕಮಟು ವಾಸನೆ ಬರಿಸುತ್ತವೆ. ಔಷಧಿ ಅಂಗಡಿಯಲ್ಲಿ ದೊರೆಯುವ, ಸೇವನೆಗೆ ಯೋಗ್ಯವೆಂದು ನಮೂದಿಸಿದ ಲಿಕ್ವಿಡ್ ಪ್ಯಾರಾಫಿನ್ ಎಂದಿಗೂ ಕಮಟುವುದಿಲ್ಲ. ಅದರ ನಾಲ್ಕು ಭಾಗಕ್ಕೆ ಒಂದು ಭಾಗ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ ಆರಿಸಿಟ್ಟರೆ ಒಳ್ಳೆಯ ಲೇಪವಾಗುತ್ತದೆ. ಉಗುರುಬೆಚ್ಚಗಿನ ಎಣ್ಣೆಯನ್ನು ಬಟ್ಟೆಯಿಂದ ತಿಕ್ಕಿ, ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಹೆಚ್ಚಾದುದನ್ನು ಒರೆಸಿ ತೆಗೆಯಬೇಕು. ಮಣೆಯ ಎರಡು ತುದಿಗಳಿಗೆ ತುಸು ಹೆಚ್ಚು ಹಚ್ಚಬೇಕು; ಎಳೆಗಳ ಬಾಯಿ ತೆರೆದಿರುವುದು ಅಲ್ಲಿಯೇ, ನೀರು ಓಡಾಡುವುದೂ ಅಲ್ಲಿಂದಲೇ.

ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಮರದ ಮೇಲೆ ಗಟ್ಟಿ ಪದರವಾಗಿ ಒಣಗುತ್ತದೆ. ಶಾವಿಗೆ ಮಣೆಯಂತೆ ವರ್ಷಕ್ಕೊಮ್ಮೆ ಬಳಸುವ ವಸ್ತುವಿಗೆ ಗಾಣದ ಅಗಸೆ ಎಣ್ಣೆ ಹಿತ. ಪೂರ್ತಿ ಒಣಗಲು ಎರಡು ಮೂರು ವಾರ ಬಿಡಬೇಕು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಬಣ್ಣದ ಅಂಗಡಿಯಲ್ಲಿ ಮಾರುವ ‘ಬಾಯ್ಲ್ಡ್’ ಎಂದು ಬರೆದಿರುವ ಅಗಸೆ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣಗಳನ್ನು ಸೇರಿಸಿರುತ್ತಾರೆ. ಅಡುಗೆಯ ವಸ್ತುವಿಗೆ ಅದು ಸಲ್ಲದು. ಮತ್ತು ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಒಣಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು, ಯಾರೂ ಕಡ್ಡಿ ಗೀರದೆ ಅದು ತಾನಾಗಿ ಹೊತ್ತಿಕೊಳ್ಳಬಲ್ಲದು. ಅಂಥ ಬಟ್ಟೆಯನ್ನು ನೀರಿನಲ್ಲಿ ನೆನೆಸಬೇಕು, ಇಲ್ಲವೇ ಬಿಡಿಸಿ ಹೊರಗೆ ಹರವಬೇಕು.

ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮನೆಯ ತೊಲೆ, ದೋಣಿಗಳಿಗೆ ಬಳಿಯುವ ರೂಢಿ ಕರಾವಳಿಯಲ್ಲಿದೆ. ಅದು ಚರ್ಮವನ್ನು ಸುಡುವ ದ್ರವ. ಆಹಾರ ತಾಗುವ ಯಾವ ಮರಕ್ಕೂ ಅದನ್ನು ಹಚ್ಚಕೂಡದು.

ಮರದ ಮಣೆ ಶುಚಿಯೇ?

ಪ್ಲಾಸ್ಟಿಕ್ಕಿನ ಹಲಗೆ ಶುಚಿ, ಮರದ್ದು ಕೊಳಕು ಎಂಬ ನಂಬಿಕೆಯಿಂದ ಅನೇಕ ಮನೆಗಳಲ್ಲಿ ಹಳೆಯ ಮಣೆಗಳು ಒಲೆ ಸೇರಿವೆ. 1990ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೀನ್ ಕ್ಲೈವರ್ ಮತ್ತು ಸಹೋದ್ಯೋಗಿಗಳು ಇದನ್ನು ಪರೀಕ್ಷಿಸಿದರು. ಮರದ ಮೇಲೆ ಬಿದ್ದ ಬ್ಯಾಕ್ಟೀರಿಯಾಗಳು ಎಳೆಗಳೊಳಕ್ಕೆ ಸೆಳೆಯಲ್ಪಟ್ಟು ಕ್ರಮೇಣ ಸಾಯುತ್ತವೆಂದೂ, ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕ್ ಹಲಗೆಯಲ್ಲಿ ಅವು ಗೀರುಗಳೊಳಗೆ ಉಳಿದುಕೊಳ್ಳುತ್ತವೆಂದೂ ಅವರು ಕಂಡರು. ಮರವನ್ನು ತೊಳೆಯುವ ಅಗತ್ಯವಿಲ್ಲವೆಂದು ಇದರ ಅರ್ಥವಲ್ಲ. ಮೀನು, ಮಾಂಸಕ್ಕೆ ಒಂದು ಮಣೆ, ಹಸಿಯಾಗಿ ತಿನ್ನುವ ಹಣ್ಣು ತರಕಾರಿಗೆ ಇನ್ನೊಂದು ಇರಲಿ. ಕಪ್ಪು ಚುಕ್ಕೆ ಮೇಲ್ಮೈಯಲ್ಲಷ್ಟೇ ಇದ್ದರೆ ಉಜ್ಜುಕಾಗದದಿಂದ ತಿಕ್ಕಿ ತೊಳೆದು ಒಣಗಿಸಿ ಎಣ್ಣೆ ಹಚ್ಚಬಹುದು. ಆಳವಾದ ಬಿರುಕಿನೊಳಗೆ ಬೂಸ್ಟು ಇಳಿದಿದ್ದರೆ, ಮರ ಮೆತ್ತಗಾಗಿದ್ದರೆ ಅದನ್ನು ಅಡುಗೆಯಿಂದ ನಿವೃತ್ತಿಗೊಳಿಸುವುದೇ ಸರಿ.

ಜಾಲಿಯ ತೊಗಟೆ, ಅಳಲೆಯ ಕಾಯಿ

ಇನ್ನು ಚರ್ಮದ ಮಾತು. ಹಸಿ ತೊಗಲು ಒದ್ದೆಯಾದರೆ ಕೊಳೆಯುತ್ತದೆ, ಒಣಗಿದರೆ ಬಿರುಸಾಗುತ್ತದೆ. ಟ್ಯಾನಿನ್ ತುಂಬಿದ ನೀರಿನಲ್ಲಿ ನೆನೆಸಿದಾಗ ಅದರ ಎಳೆಗಳಿಗೆ ಒಗರು ಅಂಟಿಕೊಂಡು ಕೊಳೆಯುವ ಗುಣ ಹೋಗುತ್ತದೆ. ಕೊಲ್ಹಾಪುರಿ ಚಪ್ಪಲಿಯ ಚರ್ಮವನ್ನು ಹದ ಮಾಡಲು ಬಳಸುವುದು ಬಯಲುಸೀಮೆಯ ಹೊಲದ ಬದುವಿನಲ್ಲಿ ಕಾಣುವ ಜಾಲಿಮರದ ತೊಗಟೆಯನ್ನು, ಜೊತೆಗೆ ಅಳಲೆಕಾಯಿಯನ್ನು. ಹೆರೆಮಣೆಯಲ್ಲಿ ಕಪ್ಪು ಕಲೆ ಮೂಡಿಸಿದ ಒಗರೇ ಇಲ್ಲಿ ಚರ್ಮವನ್ನು ಕಾಯುತ್ತದೆ. ಇಂಥ ಚಪ್ಪಲಿಯನ್ನು ಒದ್ದೆಯಾಗಿದ್ದಾಗ ಕಬ್ಬಿಣದ ಮೊಳೆಗೆ ತೂಗುಹಾಕಿದರೆ ಅಲ್ಲಿಯೂ ಕಪ್ಪು ಕಲೆ ಮೂಡುವುದು ಇದೇ ಕಾರಣಕ್ಕೆ.

ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿ ಎರಡು ರಾಜ್ಯಗಳ, ಎರಡು ಭಾಷೆಗಳ ಕೈಗೆಲಸ. 2019ರಲ್ಲಿ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಸಮಾನವಾಗಿ ಸಲ್ಲುತ್ತದೆ. ಜತ್ ಸಾಂಗ್ಲಿಯಲ್ಲಿದೆ, ಅಕ್ಕಲಕೋಟೆ ಸೋಲಾಪುರದಲ್ಲಿದೆ. ಗಡಿಯ ಈಚೆಗೆ ಅಥಣಿ, ನಿಪ್ಪಾಣಿಗಳಲ್ಲಿ ಕನ್ನಡ ಮಾತನಾಡುವ ಕುಶಲಕರ್ಮಿಗಳು ಇದೇ ಚಪ್ಪಲಿಯನ್ನು ಹೊಲಿಯುತ್ತಾರೆ.

ಸಾಂಪ್ರದಾಯಿಕ ಜೋಡಿಯಲ್ಲಿ ಮೊಳೆಯಿರುವುದಿಲ್ಲ. ಚರ್ಮದ ದಾರದಿಂದಲೇ ಪದರುಗಳನ್ನು ಹೊಲಿದಿರುತ್ತಾರೆ. ನೀರಿನಲ್ಲಿ ನೆನೆದರೆ ದಾರವೂ ಪದರವೂ ಸಡಿಲುತ್ತವೆ. ಆದುದರಿಂದ ಇದು ಮಳೆಗಾಲದ ಮೆಟ್ಟಲ್ಲ. ಹೊಸ ಜೋಡಿಯ ಪಟ್ಟಿಗಳ ಒಳಬದಿಗೆ ಬೆರಳಿನಿಂದ ನಾಲ್ಕೈದು ಹನಿ ಹರಳೆಣ್ಣೆ ತಿಕ್ಕಿ ಒಂದು ರಾತ್ರಿ ಬಿಡಬೇಕು. ಮೊದಲ ವಾರ ದಿನಕ್ಕೆ ಒಂದೆರಡು ಗಂಟೆಯಷ್ಟೇ ಮೆಟ್ಟಬೇಕು. ಬೇಸಿಗೆಯ ಆರಂಭದಲ್ಲಿ ಒಮ್ಮೆ, ಚಳಿಗಾಲದ ಆರಂಭದಲ್ಲಿ ಒಮ್ಮೆ ಇದೇ ಬಗೆಯ ತೆಳು ಎಣ್ಣೆ ಸಾಕು. ಎಣ್ಣೆ ಹೆಚ್ಚಾದರೆ ಚರ್ಮ ಜೋಲುಬಿದ್ದು, ಧೂಳು ಹಿಡಿದು, ಹೊಲಿಗೆ ಅಗಲವಾಗುತ್ತದೆ. ಹೊಲಿಗೆಯ ಒಂದು ಎಳೆ ಕಿತ್ತಾಗಲೇ ಹೊಲಿಯುವವರ ಬಳಿ ಒಯ್ಯಿರಿ. ಪೂರ್ತಿ ಕಿತ್ತ ಮೇಲೆ ಅವರ ಶ್ರಮವೂ ನಿಮ್ಮ ಖರ್ಚೂ ಹೆಚ್ಚು. ಕೇಳಿದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡುವುದೂ ಆರೈಕೆಯ ಒಂದು ಭಾಗವೇ. ಆ ಕೈಗಳು ಕಸುಬು ಬಿಟ್ಟರೆ ಎಷ್ಟು ಎಣ್ಣೆ ತಿಕ್ಕಿದರೂ ಕಿತ್ತ ಹೊಲಿಗೆ ಕೂಡದು.

ಮಳೆನಾಡಿನ ಬೂಸ್ಟು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆಯಾಗುತ್ತದೆ. ಸೋಲಾಪುರದಲ್ಲಿ ಅದರ ಕಾಲುಭಾಗವೂ ಇಲ್ಲ. ಗಾಳಿಯ ತೇವ ಶೇಕಡಾ 70ನ್ನು ಮೀರಿ ಕೆಲವು ದಿನ ನಿಂತರೆ ಚರ್ಮಕ್ಕೆ ಬೂಸ್ಟು ಹಿಡಿಯುತ್ತದೆ. ಆದಕಾರಣ ಬಯಲುಸೀಮೆಯಲ್ಲಿ ಹಿತವಾದ ಎಣ್ಣೆ ಕರಾವಳಿಯ ಜುಲೈ ತಿಂಗಳಲ್ಲಿ ಹಿತವಲ್ಲ. ಜಿಡ್ಡು ಬೂಸ್ಟಿಗೆ ಆಹಾರವಾಗುತ್ತದೆ. ಕರಾವಳಿಯವರು ಮಳೆಗೆ ಮುಂಚೆ, ಮೇ ತಿಂಗಳಲ್ಲಿ, ಚರ್ಮವನ್ನು ಒರೆಸಿ ಒಣಗಿಸಿ ತೆಳುವಾಗಿ ಮೇಣದ ಪಾಲಿಶ್ ಹಚ್ಚಿಟ್ಟರೆ ಸಾಕು.

ಬೂಸ್ಟು ಬಂದೇಬಿಟ್ಟರೆ ಆ ವಸ್ತುವನ್ನು ಮನೆಯ ಹೊರಗೆ ಒಯ್ದು ಒಣಬಟ್ಟೆಯಿಂದ ಒರೆಸಬೇಕು. ಒಳಗೆ ಕೊಡವಿದರೆ ಅದರ ಪುಡಿ ಬೇರೆ ವಸ್ತುಗಳಿಗೆ ಹರಡುತ್ತದೆ. ಬಳಿಕ ಸರ್ಜಿಕಲ್ ಸ್ಪಿರಿಟ್ ಮತ್ತು ನೀರನ್ನು ಸಮಭಾಗ ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಬೇಕು. ಬಣ್ಣ ಬಿಡದಿದ್ದರೆ ಎಲ್ಲೆಡೆ ಒರೆಸಿ ಫ್ಯಾನಿನ ಕೆಳಗೆ ಒಣಗಿಸಬೇಕು. ಸ್ಪಿರಿಟ್ ಬೆಂಕಿ ಹೊತ್ತುವ ದ್ರವವಾದುದರಿಂದ ಒಲೆ, ದೀಪಗಳಿಂದ ದೂರವಿರಬೇಕು. ಎತ್ತಿಡುವಾಗ ಪ್ಲಾಸ್ಟಿಕ್ ಕವರು ಬೇಡ. ಒಳಗಿನ ತೇವ ಅಲ್ಲಿಯೇ ಸೆರೆಯಾಗುತ್ತದೆ. ಹತ್ತಿಯ ಚೀಲ ಉತ್ತಮ.

ಚೆಂಡೆ, ಮದ್ದಳೆಗಳಿರುವ ಮನೆಯವರಿಗೆ ಒಂದು ಮಾತು: ಚೆಂಡೆಯ ಮುಚ್ಚಿಗೆ ಒಗರಿನಿಂದ ಹದ ಮಾಡಿದ ಚರ್ಮವಲ್ಲ, ಒಣಗಿಸಿ ಬಿಗಿದ ತೊಗಲು. ಅದಕ್ಕೆ ಎಣ್ಣೆ ತಾಗಿದರೆ ಬಿಗಿ ತಪ್ಪಿ ನಾದ ಕೆಡುತ್ತದೆ. ಒಣಗಿದ ಜಾಗವೇ ಅದಕ್ಕೆ ಔಷಧ.

ಶಾಲೆಯ ಶೂ ಮತ್ತು ಒಲೆಯ ಬದಿ

ಒದ್ದೆಯಾದ ಶೂಗಳನ್ನು ಬೆಳಗಾಗುವುದರೊಳಗೆ ಒಣಗಿಸುವ ಆತುರದಲ್ಲಿ ಒಲೆಯ ಬದಿಗೆ ಇಡುವುದುಂಟು. ಒದ್ದೆ ಚರ್ಮಕ್ಕೆ ಶಾಖ ತಾಗಿದರೆ ಎಳೆಗಳು ಮುದುಡಿ ಶಾಶ್ವತವಾಗಿ ಕುಗ್ಗುತ್ತವೆ. ತೊಗಟೆಯಲ್ಲಿ ಹದ ಮಾಡಿದ ಚರ್ಮ ಕುದಿನೀರಿಗಿಂತ ಎಷ್ಟೋ ಕಡಿಮೆ ಶಾಖದಲ್ಲಿ, ಸುಮಾರು 70ರಿಂದ 85 ಡಿಗ್ರಿಯಲ್ಲಿ, ಹೀಗಾಗುತ್ತದೆ. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು ಹೆಚ್ಚು ತಾಳಿಕೊಳ್ಳುತ್ತದಾದರೂ ಅದರ ಅಂಟು ಬಿಡುತ್ತದೆ. ಮಾಡಬೇಕಾದುದು ಇಷ್ಟು: ದಾರ ಬಿಚ್ಚಿ, ಒಳಹಾಸನ್ನು ಹೊರತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಒಳಗೆ ತುರುಕಿ, ಒಂದು ಗಂಟೆಯ ಬಳಿಕ ಹಾಳೆ ಬದಲಿಸಿ, ರಾತ್ರಿ ಫ್ಯಾನಿನ ಗಾಳಿಗೆ ಓರೆಯಾಗಿ ನಿಲ್ಲಿಸುವುದು. ಪಾಲಿಶ್ ಹಚ್ಚುವುದು ಪೂರ್ತಿ ಒಣಗಿದ ಮೇಲೆ. ಅದಕ್ಕೆ ಮುಂಚೆ ಮಣ್ಣನ್ನು ಒರೆಸಿ ತೆಗೆದಿರಬೇಕು. ಈ ಕೆಲಸವನ್ನು ಹತ್ತು ವರ್ಷದ ಮಗು ತಾನೇ ಮಾಡಿಕೊಳ್ಳಬಲ್ಲದು.

ಈಗ ಮಾರಾಟವಾಗುವ ಶಾಲೆಯ ಶೂಗಳಲ್ಲಿ ಅನೇಕವು ಚರ್ಮದವಲ್ಲ. ಕತ್ತರಿಸಿದ ಅಂಚಿನಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ಕೃತಕ; ನಾರುನಾರಾಗಿ ಕಂಡರೆ ಚರ್ಮ. ಕೃತಕವಾದುದಕ್ಕೆ ಎಣ್ಣೆ, ಪಾಲಿಶ್‌ಗಳಿಂದ ಲಾಭವಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ವಸ್ತು ಉಳಿದರೆ ಹೆಸರೂ ಉಳಿದೀತು

ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಕಡೆಗೋಲು, ಒನಕೆ, ಮರಿಗೆ ಎಂಬ ಪದಗಳನ್ನು ಓದಿ ಅರ್ಥ ಬರೆಯುತ್ತಾರೆ. ಪೇಟೆಯಲ್ಲಿ ಮಲಯಾಳವನ್ನೋ ಮರಾಠಿಯನ್ನೋ ಕೇಳಿ ಬೆಳೆಯುವ ಮಗುವಿಗೆ ಆ ಪದಗಳು ಪುಸ್ತಕದಲ್ಲಿ ಮಾತ್ರ ಉಳಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. ಅಜ್ಜಿಯ ಕಡೆಗೋಲನ್ನು ತಾನೇ ತೊಳೆದು, ಸಂದುಗಳನ್ನು ಉಜ್ಜಿ, ತೂಗುಹಾಕಿದ ಮಗುವಿಗೆ ಆ ಪದದ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮುಂದಿನ ರಜೆಯ ಒಂದು ಬೆಳಗ್ಗೆ ಪೋಷಕರು ಮಕ್ಕಳನ್ನು ಕೂಡಿಸಿಕೊಂಡು ಮನೆಯಲ್ಲಿರುವ ಮರದ, ಚರ್ಮದ ವಸ್ತುಗಳನ್ನೆಲ್ಲ ಹೊರತೆಗೆಯಲಿ. ಪ್ರತಿಯೊಂದಕ್ಕೂ ಮನೆಯ ಹಿರಿಯರು ಹೇಳುವ ಹೆಸರನ್ನು, ಅದು ಯಾವ ಮರದ್ದೆಂಬುದನ್ನು, ಯಾರ ಕಾಲದ್ದೆಂಬುದನ್ನು ಮಗು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ಅನಂತರ ಹನಿ ನೀರಿನ ಪರೀಕ್ಷೆ, ಎಣ್ಣೆ, ನೆರಳು. ಅರ್ಧ ದಿನದ ಕೆಲಸವಿದು. ಮಣೆ ಇನ್ನೊಂದು ತಲೆಮಾರಿಗೆ ಬಾಳುತ್ತದೆ. ಅದನ್ನು ಕರೆಯುವ ಪದವೂ ಅದರೊಂದಿಗೆ ಬಾಳುತ್ತದೆ.